ಐತಪ್ಪ ಹಚ್ಚಿದ ಗ್ರೀಸು

ಮೌಂಟ್ ರೋಡಿನ ಆ ಬಂದೂಕಿನ ಅಂಗಡಿಯಲ್ಲಿ ಐತಪ್ಪನ ಮಾತಿಗೆ ಎದುರು ಮಾತಿರಲಿಲ್ಲ. ಕಾರ್ಕಳದ ಕಡೆಯಿಂದ ಹೋಟೆಲು ಕೆಲಸಕ್ಕೆಂದು ಮದರಾಸಿಗೆ ಬಂದವನು ಹೇಗೋ ಬಂದೂಕು ರಿಪೇರಿಯ ಈ ಕಸುಬಿಗೆ ಬಿದ್ದು, ಇಪ್ಪತ್ತೆಂಟು ವರ್ಷ ಅದರಲ್ಲೇ ಕಳೆದಿದ್ದ. ಬೇಟೆಗೆ ಹೋಗುವ ಜಮೀನ್ದಾರರು ಅವನು ರಜೆಯಲ್ಲಿದ್ದರೆ ಬಂದೂಕು ವಾಪಸು ಒಯ್ಯುತ್ತಿದ್ದರೇ ಹೊರತು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅದರ ಹೆಮ್ಮೆ ಅವನಿಗೂ ಇತ್ತು.

ಅರವತ್ತೆರಡರ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಪಂಢರಿನಾಥ ಒಂದು ಪಿಸ್ತೂಲು ತಂದ. ತ್ರಿಪ್ಲಿಕೇನಿನ ಮಾಧ್ವರ ಮನೆಯವನು. ರಜೆ ಮುಗಿಸಿ ಹೊರಟಿದ್ದ. ಪಿಸ್ತೂಲು ತೀರಿಹೋದ ತಂದೆಯದು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಅದು ಮುಂದೆ ಜಾರುತ್ತ ಒಂದು ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಮುಚ್ಚಿಕೊಳ್ಳುವ ಜಾತಿ.

"ಎಣ್ಣೆ ಬಿಟ್ಟರೆ ಸಾಕಲ್ಲವೇ ಐತಪ್ಪ? ನಮ್ಮ ಪಟಾಲಮ್ಮಿನಲ್ಲಿ ಎಲ್ಲಕ್ಕೂ ಎಣ್ಣೆಯೇ" ಎಂದ ಪಂಢರಿನಾಥ.

"ಎಣ್ಣೆ ನಿಲ್ಲುವುದಿಲ್ಲ ಸಾರ್. ಈ ಉಪ್ಪುಗಾಳಿಗೆ ಹತ್ತು ದಿವಸದಲ್ಲಿ ಹರಿದು ಹೋಗ್ತದೆ. ಮತ್ತೆ ತುಕ್ಕು ಹಿಡಿದರೆ ನನ್ನನ್ನೇ ಬೈತೀರಿ. ಗ್ರೀಸು ಹಾಕ್ತೇನೆ, ಒಂದು ವರ್ಷ ತಿರುಗಿ ನೋಡುವುದು ಬೇಡ."

"ನಾನು ಹೋಗೋದು ಈಶಾನ್ಯದ ಗಡಿಗೆ. ಬೆಟ್ಟದ ಮೇಲೆ."

"ಎಲ್ಲಿ ಹೋದರೆಂತ ಸಾರ್, ಕಬ್ಬಿಣ ಕಬ್ಬಿಣವೇ."

ಪಂಢರಿನಾಥ ನಕ್ಕು ಒಪ್ಪಿದ. ತಿಳಿದವನು ಹೇಳುವಾಗ ವಾದ ಮಾಡುವ ಜಾತಿಯವನಲ್ಲ ಅವನು. ಐತಪ್ಪ ಸ್ಲೈಡು ಜಾರುವ ಜಾಡುಗಳಿಗೆ ಹಳದಿ ಗ್ರೀಸನ್ನು ಧಾರಾಳವಾಗಿಯೇ ತುಂಬಿ ಕೊಟ್ಟ.

ಮುಂದಿನ ತಿಂಗಳು ಗಡಿಯಲ್ಲಿ ಚೀನಾ ಯುದ್ಧ ಹತ್ತಿತು. ಪೇಪರಿನಲ್ಲಿ ದಿನಾ ಸೋಲಿನ ಸುದ್ದಿ. ಐತಪ್ಪ ಓದಿ ಮಡಚಿಡುತ್ತಿದ್ದ. ಕ್ಯಾಪ್ಟನ್ನಿನ ನೆನಪು ಬಂದದ್ದು ಒಂದೆರಡು ಸಲ.

ಮಾರ್ಚಿನಲ್ಲಿ ಪಂಢರಿನಾಥನ ತಾಯಿ ಭೀಮಾಬಾಯಿ ಅಂಗಡಿ ಹುಡುಕಿಕೊಂಡು ಬಂದರು. ಸೆರಗಿನೊಳಗಿಂದ ಪಿಸ್ತೂಲನ್ನೂ ಗುಂಡುಗಳ ಪೊಟ್ಟಣವನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಇದು ಮನೇಲಿ ಬೇಡ ಪಾ. ಎದುರಿಗೆ ಇಟ್ಕೊಂಡು ಕೂತ್ಬಿಡ್ತಾನೆ. ಯಾವತ್ತು ಏನು ಮಾಡ್ಕೋತಾನೋ ಅಂತ ನಾನು ಸ್ನಾನಕ್ಕೂ ಹೋಗೋ ಹಾಗಿಲ್ಲ."

"ಕ್ಯಾಪ್ಟನ್ ಸಾರಿಗೆ ಎಂತಾಯ್ತು ಅಮ್ಮ?"

"ಹಿಮಕ್ಕೆ ಮರಗಟ್ಟಿ ಬಲಗೈಲಿ ಮೂರು ಬೆರಳು ಹೋಯ್ತು. ಅದನ್ನ ಸಹಿಸ್ಕೋತಾನೆ. ಜೊತೇಲಿ ಏಳುಮಲೈ ಅಂತ ಒಬ್ಬ ಸಿಪಾಯಿ ಇದ್ನಂತೆ. ಅವನ್ನ ಇವನ ಕಣ್ಣೆದುರೇ ಹೊಡೆದುಬಿಟ್ರು. ಇವನ ಕೈಲಿ ಪಿಸ್ತೂಲಿತ್ತು, ಹಾರಿಸ್ಲಿಲ್ಲ. ನನ್ನ ಬೆರಳು ಆಡಲಿಲ್ಲ, ನಾನು ಹೇಡಿ ಅಂತಾನೆ. ವಿಚಾರಣೇಲೂ ಅದನ್ನೇ ಹೇಳಿ ಕೆಲಸ ಬಿಟ್ಟು ಬಂದ."

ಅವರು ಹೋದ ಮೇಲೆ ಐತಪ್ಪ ಪಿಸ್ತೂಲು ಬಿಚ್ಚಿದ. ಒಳಗೆ ತಾನು ತುಂಬಿದ್ದ ಗ್ರೀಸು ಹಾಗೇ ಇತ್ತು. ಮದರಾಸಿನ ಸೆಕೆಗೆ ಬೆಣ್ಣೆಯಂತೆ ಮೆತ್ತಗಿತ್ತು. ಜೋಡಿಸಿ ಎಳೆದರೆ ಸ್ಲೈಡು ಸರಾಗವಾಗಿ ಮುಚ್ಚಿಕೊಂಡಿತು. ದೋಷವೇನೂ ಇಲ್ಲ ಎಂದು ಬಾಯಲ್ಲೇ ಹೇಳಿಕೊಂಡ. ಎರಡು ದಿನ ಹಾಗೆಯೇ ಹೇಳಿಕೊಂಡ. ಆದರೆ ಊಟಕ್ಕೆ ಕೂತಾಗಲೆಲ್ಲ, ಈ ಗ್ರೀಸು ಹಿಮದ ಚಳಿಗೆ ಗಟ್ಟಿಯಾಗಿದ್ದರೆ ಎಂಬ ಯೋಚನೆ ಬರುತ್ತಿತ್ತು. ಬೆಟ್ಟ ಎಂದಿದ್ದರಲ್ಲ, ತಾನು ಕೇಳಿಸಿಕೊಳ್ಳಲಿಲ್ಲವಲ್ಲ.

ಮೂರನೆಯ ದಿನ ತ್ರಿಪ್ಲಿಕೇನಿನಲ್ಲಿ ಹೋಟೆಲು ಇಟ್ಟಿದ್ದ ತನ್ನ ಭಾವ ಸದಾನಂದನ ಅಡುಗೆಮನೆಗೆ ಹೋದ. ಅಲ್ಲಿ ಐಸ್‌ಕ್ರೀಮು ತಿರುಗಿಸುವ ಮರದ ತೊಟ್ಟಿಯಿತ್ತು. ಅದಕ್ಕೆ ಐಸು ಪುಡಿಮಾಡಿ ಹಾಕಿ, ಕಲ್ಲುಪ್ಪು ಸುರಿದು, ನಡುವಿನ ಡಬ್ಬಿಯಲ್ಲಿ ಗುಂಡಿಲ್ಲದ ಪಿಸ್ತೂಲನ್ನು ಇಟ್ಟು ಮುಚ್ಚಿದ. ಒಂದು ಗಂಟೆ ಬಿಟ್ಟು ತೆಗೆದ. ಸ್ಲೈಡನ್ನು ಹಿಂದಕ್ಕೆಳೆಯಲು ಬಲ ಹಾಕಬೇಕಾಯಿತು. ಬಿಟ್ಟಾಗ ಅದು ಸೋಮಾರಿಯಂತೆ ಮುಂದೆ ಬಂದು, ಮುಚ್ಚಲು ಕೂದಲೆಳೆಯಷ್ಟು ಬಾಕಿಯಿರುವಾಗ ನಿಂತಿತು. ಅಷ್ಟು ಸಂದು ಉಳಿದರೆ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಷ್ಟು ಎಳೆದರೂ ಸುತ್ತಿಗೆ ಬೀಳುವುದಿಲ್ಲ, ಗುಂಡು ಹಾರುವುದಿಲ್ಲ.

ಐತಪ್ಪ ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟ. ಇದನ್ನು ಬಲ್ಲವನು ಲೋಕದಲ್ಲಿ ತಾನೊಬ್ಬನೇ. ಒಂದು ಚಿಂದಿಯಲ್ಲಿ ಒರೆಸಿಬಿಟ್ಟರೆ ಮುಗಿದುಹೋಯಿತು. ಕೊನೆಗೆ ಎದ್ದು ಭೀಮಾಬಾಯಿಯ ಮನೆಗೆ ನಡೆದ.

ಪಂಢರಿನಾಥ ತಿಣ್ಣೆಯ ಮೇಲೆ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದ. ಐತಪ್ಪ ಹೇಳಿದ್ದನ್ನೆಲ್ಲ ಕೇಳಿ, "ಅಮ್ಮ ಕಳಿಸಿದರಾ ನಿಮ್ಮನ್ನ? ಸಮಾಧಾನ ಹೇಳೋಕೆ?" ಎಂದ.

"ಸಮಾಧಾನಕ್ಕೆ ಬಂದದ್ದಲ್ಲ ಸಾರ್. ಒಂದು ಗಳಿಗೆ ಬನ್ನಿ, ಕಣ್ಣಲ್ಲೇ ನೋಡಿ."

ಹೋಟೆಲಿನಲ್ಲಿ ಮತ್ತೊಮ್ಮೆ ಐಸು, ಮತ್ತೊಮ್ಮೆ ಉಪ್ಪು. ಇಬ್ಬರೂ ಒಂದು ಗಂಟೆ ಕಾದರು. ಡಬ್ಬಿ ತೆಗೆದಾಗ ಪಂಢರಿನಾಥ ಪಿಸ್ತೂಲನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಎಡಗೈಯಲ್ಲಿ ಸ್ಲೈಡು ಎಳೆದ. ಅದು ಬಂದು ನಿಂತಿತು. ಕುದುರೆ ಎಳೆದ. ಸದ್ದಿಲ್ಲ. ಮತ್ತೆ ಎಳೆದ. ಮತ್ತೆ, ಮತ್ತೆ ಎಳೆದ. ಸದಾನಂದನ ಅಡುಗೆಯವರು ಕೆಲಸ ಬಿಟ್ಟು ನೋಡುತ್ತ ನಿಂತರು.

"ಹಾಗಾದರೆ ನಾನು ಎಳೆದಿದ್ದೆ" ಎಂದ ಕೊನೆಗೆ. "ಎಳೆದೆನೋ ಇಲ್ಲವೋ ಅಂತ ನನಗೇ ಗೊತ್ತಿರಲಿಲ್ಲ. ಬೆರಳು ಇದೆಯೋ ಇಲ್ಲವೋ ಅಂತಲೇ ಗೊತ್ತಾಗ್ತಿರಲಿಲ್ಲ ಅಲ್ಲಿ. ಸದ್ದು ಬರಲಿಲ್ಲ, ಎಳೆಯಲೇ ಇಲ್ಲ ಅಂದುಕೊಂಡೆ."

"ತಪ್ಪು ನನ್ನದು ಸಾರ್. ನೀವು ಎಣ್ಣೆ ಅಂದಿರಿ, ಬೆಟ್ಟ ಅಂತಲೂ ಅಂದಿರಿ. ನಾನು ಗರ್ವದಲ್ಲಿ ಮಾತಾಡಿದೆ."

ಪಂಢರಿನಾಥ ಪಿಸ್ತೂಲನ್ನು ಅಕ್ಕಿಮೂಟೆಯ ಮೇಲಿಟ್ಟು ಅವನ ಎದುರಿಗೆ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡ ಐತಪ್ಪ, ಹೊಡೆದಿದ್ದರೆ ಚೆನ್ನಾಗಿತ್ತು. "ಏಳುಮಲೈ ಹೆಂಡತಿಗೆ ನಾನೇ ಕಾರಣ ಅಂತ ಕಾಗದ ಬರೆದಿದ್ದೇನೆ" ಎಂದ ಪಂಢರಿನಾಥ. "ಇದನ್ನ ನೀವು ಬಂದು ಹೇಳಬೇಕು."

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ವೇಲೂರು ದಾಟಿ ಎರಡು ಮೈಲಿ ನಡಿಗೆ. ಏಳುಮಲೈಯ ಹೆಂಡತಿ ಇಪ್ಪತ್ತರ ಆಸುಪಾಸಿನವಳು. ಮಾವನ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದಳು. ಐತಪ್ಪ ತನಗೆ ಬರುವ ತಮಿಳಿನಲ್ಲಿ ಗ್ರೀಸು, ಚಳಿ, ಸ್ಲೈಡು ಎಲ್ಲವನ್ನೂ ವಿವರಿಸಿದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಯಾವುದೋ ಪರಭಾಷೆಯಂತೆ ಕೇಳಿಸತೊಡಗಿತು. ಅವನು ನಿಲ್ಲಿಸಿದ ಮೇಲೆ ಅವಳು ಕ್ಯಾಪ್ಟನ್ನಿನ ಕಡೆ ತಿರುಗಿದಳು.

"ಅವರನ್ನು ಸುಟ್ಟಿರಾ, ಹೂತಿರಾ?"

"ಎರಡೂ ಇಲ್ಲಮ್ಮ" ಎಂದ ಪಂಢರಿನಾಥ. "ಬಿಟ್ಟು ಓಡಿದೆವು."

ಅವಳು ಒಳಗೆ ಹೋದಳು, ಮತ್ತೆ ಬರಲಿಲ್ಲ. ಮುದುಕ ಮಾವ ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಇನ್ನು ನಾಳೆಯೇ ಎಂದ.

ಬಿಸಿಲಿನಲ್ಲಿ ವಾಪಸು ನಡೆಯುತ್ತ ಪಂಢರಿನಾಥ ಮುಂದೆ, ಐತಪ್ಪ ಹತ್ತು ಹೆಜ್ಜೆ ಹಿಂದೆ. ಬಸ್ಸಿನಲ್ಲಿ ಸೀಟು ಒಂದೇ ಇತ್ತು. ಪಂಢರಿನಾಥ ಕೂತ. ಐತಪ್ಪ ಮದರಾಸಿನವರೆಗೂ ಕಂಬಿ ಹಿಡಿದು ನಿಂತೇ ಬಂದ.