ಕೆಳಗಿನ ಕೈ

"ಎಡಗೈ ತಾನೇ? ಹೋಗ್ಲಿ ಬಿಡಿ" ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತೊಂದು ವರ್ಷದಿಂದ ಕೋಟು ಹೊಲಿಯುತ್ತಿರುವ ದರ್ಜಿ ನಾನು. ಗುಂಡಿ ತೂರಿಸುವ ಕಾಜ ಹಾಕುವಾಗ ಸೂಜಿ ಹಿಡಿಯುವುದು ಬಲಗೈ, ನಿಜ. ಆದರೆ ಬಟ್ಟೆಯ ಕೆಳಗೆ ಮೊನೆ ಎಲ್ಲಿ ಬಂತೆಂದು ತಿಳಿಯುವುದು ಎಡಗೈ ತೋರುಬೆರಳಿಗೆ. ಕಣ್ಣು ಅಲ್ಲಿಗೆ ಹೋಗುವುದಿಲ್ಲವಲ್ಲ!

ಆ ಬೆರಳೇ ಜೋಮು ಹಿಡಿದು ಕೂತಿತ್ತು. ಜೊತೆಗೆ ಹೆಬ್ಬೆರಳು, ನಡುಬೆರಳು. ಒಂದು ದಿನ ಬಿಳಿ ಕೋಟಿನ ಮೇಲೆ ಕೆಂಪು ಚುಕ್ಕೆ ಕಂಡು, "ಯಾರೇ ಬಣ್ಣ ಚೆಲ್ಲಿದ್ದು?" ಎಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ತನ್ನ ಮಷಿನ್ ಬಿಟ್ಟು ಎದ್ದು ಬಂದು, ಸುಮ್ಮನೆ ನನ್ನ ಕೈ ತಿರುಗಿಸಿ ತೋರಿಸಿದಳು. ನಾಲ್ಕು ಕಡೆ ಚುಚ್ಚಿಕೊಂಡಿದ್ದೆ. ಒಂದೂ ಗೊತ್ತಾಗಿರಲಿಲ್ಲ. ಮರುದಿನವೇ ಆಸ್ಪತ್ರೆಗೆ ಓಡಿದೆ.

ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಅದುಮಿಕೊಂಡಿದೆ ಎಂದರು ಡಾಕ್ಟರು. ಆರು ವಾರ ವ್ಯಾಯಾಮ, ಆಗದಿದ್ದರೆ ಆಪರೇಷನ್ ಯೋಚನೆ.

ಫಿಜಿಯೋ ಮೇಡಂ ನನ್ನ ಮಗಳ ವಯಸ್ಸಿನವರು. "ಎಲ್ಲರಿಗೂ ಗುಣ ಆಗುತ್ತೆ ಅಂತ ಮಾತು ಕೊಡಲ್ಲ, ಪ್ರಯತ್ನ ಮಾಡೋಣ" ಎಂದರು. ತೋಳನ್ನು ಪಕ್ಕಕ್ಕೆ ಚಾಚಿ ಅಂಗೈ ಹಿಂದಕ್ಕೆ ಬಾಗಿಸುವಾಗ ತಲೆ ಕೈಯ ಕಡೆಗೆ ವಾಲಬೇಕು. ಮೊಣಕೈ ಮಡಿಸುವಾಗ ತಲೆ ಆಚೆಗೆ. ಹತ್ತೇ ಸಲ. ಜುಮ್ಮೆಂದರೆ ನಿಲ್ಲಿಸಬೇಕು.

ಇಷ್ಟು ಹಗುರವಾಗಿ ಆಡಿಸಿದರೆ ಏನಾದೀತು? ನಾನು ದರ್ಜಿ. ಇಸ್ತ್ರಿಗೆ ಮುಂಚೆ ಹೊಲಿಗೆಯನ್ನು ಬಿಗಿಯಾಗಿ ಜಗ್ಗಿ ನೆಟ್ಟಗೆ ಮಾಡುವವನು. ಹಾಗೆಯೇ ಕೈಯನ್ನೂ ಜಗ್ಗಿದೆ, ಹತ್ತಲ್ಲ, ಐವತ್ತು ಸಲ. ನಾಲ್ಕನೇ ದಿನ ಲೋಟ ಕೈಜಾರಿ ಬಿತ್ತು. ಕೆಂಡಾಮಂಡಲವಾಗಿ ಮೇಡಂ ಹತ್ತಿರ ಹೋದೆ.

"ನಿಮ್ಮ ಚಿಕಿತ್ಸೆ ನನ್ನ ಕೈ ತೆಗೀತಮ್ಮ!"

ಅವರು ಸಿಟ್ಟಾಗಲಿಲ್ಲ. ಮಾಡಿ ತೋರಿಸಿ ಎಂದರು. ನೋಡಿದ ಮೇಲೆ ಕೇಳಿದರು: "ಪೈಜಾಮದ ಲಾಡಿ ಒಳಗೆ ಸಿಕ್ಕಿಕೊಂಡ್ರೆ ಏನ್ಮಾಡ್ತೀರಿ? ಜಗ್ತೀರಾ?"

"ಜಗ್ಗೋದಾ? ಕಿತ್ತು ಬರುತ್ತೆ ಅಷ್ಟೇ. ಆ ಕಡೆ ಒಂಚೂರು, ಈ ಕಡೆ ಒಂಚೂರು ಜಾರಿಸ್ಬೇಕು."

"ನರಕ್ಕೂ ಅಷ್ಟೇ ಮಾಡಿ, ಸಾಕು."

ನನ್ನದೇ ಕಸುಬನ್ನು ನನಗೇ ಹೇಳಿಕೊಟ್ಟರು ಪುಣ್ಯಾತ್ಗಿತ್ತಿ.

ಎರಡು ದಿನ ಕೈಗೆ ವಿಶ್ರಾಂತಿ ಕೊಟ್ಟು ಮತ್ತೆ ಶುರುಮಾಡಿದೆ. ದಿನಾ ಹೆಂಡತಿ ಎದುರಿಗೆ ಕೂತು ಎಣಿಸುತ್ತಿದ್ದಳು. ಹನ್ನೊಂದಕ್ಕೆ ಹೋದರೆ, "ಸಾಕು, ಇಳಿಸ್ರೀ!" ಎಂದು ಗದರುತ್ತಿದ್ದಳು. ನನ್ನನ್ನು ಗದರುವ ಅವಕಾಶ ಅವಳಿಗೆ ಸಿಕ್ಕಿದ್ದೇ ಆಗ, ಚೆನ್ನಾಗಿಯೇ ಬಳಸಿಕೊಂಡಳು.

ಆರನೇ ವಾರ ಮೇಡಂ ಅಂಗಡಿಗೇ ಬಂದರು. ಅವರ ಬಿಳಿ ಕೋಟಿನ ಒಂದು ಕಾಜ ಬಿರಿದಿತ್ತು. "ಮಷಿನ್‌ನಲ್ಲಿ ಹಾಕಿಕೊಡ್ತೀನಿ ಕೊಡಿ" ಎಂದು ಹೆಂಡತಿ ಕೈಚಾಚಿದಳು. ನಾನು ಕಸಿದುಕೊಂಡೆ. ಇವತ್ತು ಆಗದಿದ್ದರೆ ಇನ್ನೆಂದೂ ಕೈಕಾಜ ಹಾಕುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿದ್ದೆ.

ದಾರ ಪೋಣಿಸಿದೆ. ಒಂದು ಹೊಲಿಗೆ, ಎರಡು. ಕೆಳಗಿನ ಬೆರಳು ಮಂಕಾಗಿಯೇ ಇತ್ತು. ಮೂರನೆಯದಕ್ಕೆ—

"ಅಯ್ಯಯ್ಯೋ!"

ಇಬ್ಬರೂ ಬೆಚ್ಚಿಬಿದ್ದರು. ಕೋಟಿನ ಮೇಲೆ ಕೆಂಪು ಚುಕ್ಕೆ.

"ಏನಾಯ್ತು?" ಎಂದರು ಮೇಡಂ.

"ನೋವಾಯ್ತು! ಚುಚ್ಚಿತು ತಾಯಿ, ಚುಚ್ಚಿದ್ದು ಗೊತ್ತಾಯ್ತು!"

ಮೇಡಂ ನನ್ನ ಬೆರಳು ಹಿಡಿದು ನೋಡಿದರು. ನಗುತ್ತಿದ್ದರು. ನಾನು ಕೈಮುಗಿದೆ. ಆಮೇಲೆ ನನ್ನ ಗುರು ಕಲಿಸಿದಂತೆ ದಾರದ ತುಂಡನ್ನು ಬಾಯಲ್ಲಿ ಒದ್ದೆಮಾಡಿ ಚುಕ್ಕೆಯ ಮೇಲೆ ಒತ್ತಿದೆ. ರಕ್ತವನ್ನೆಲ್ಲ ದಾರ ಹೀರಿಕೊಂಡಿತು.

"ಅಷ್ಟಕ್ಕೆ ಹಾಗೆ ಕೂಗೋದಾ?" ಎಂದಳು ಹೆಂಡತಿ. ಆಚೆ ತಿರುಗಿ, ಮಷಿನ್ ಮೇಲಿದ್ದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಅದು ಗಿರಾಕಿಯ ಹೊಸ ರೇಷ್ಮೆ ಅಂಗಿ. ಬೇರೆ ದಿನವಾಗಿದ್ದರೆ ಅಂಗಡಿ ಹಾರಿಹೋಗುವ ಹಾಗೆ ಕಿರುಚುತ್ತಿದ್ದೆ.

ಒರೆಸಿಕೊಳ್ಳಲಿ ಎಂದು ಸುಮ್ಮನೆ ನಾಲ್ಕನೇ ಹೊಲಿಗೆ ಹಾಕಿದೆ.