ಅರ್ಧ ಉಂಗುರ

ನಮ್ಮ ಶೆಡ್ಡಿಗೆ ಬರುವವರು ಬಾಗಿಲಲ್ಲೇ ಮೈಮೇಲಿನ ಚಿನ್ನ ಕಳಚಿಡಬೇಕು. ಬೆಟ್ಟದೊಳಗೆ ಚಿನ್ನ, ತಾಮ್ರ ಎಷ್ಟಿದೆಯೆಂದು ತಿಳಿಯಲು ಯಂತ್ರದಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳು ಅಲ್ಲಿರುತ್ತವೆ. ಉಂಗುರ ಒಮ್ಮೆ ಉಜ್ಜಿದರೂ ಸಾಕು, ಬರಡು ಕಲ್ಲಿನಲ್ಲಿ ಚಿನ್ನ ಕಾಣಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಒಮ್ಮೆ ಮ್ಯಾನೇಜರ್ ಸಾಹೇಬರನ್ನೇ ಹೊರಗೆ ನಿಲ್ಲಿಸಿ, ಬೆರಳಿಗೆ ಸೋಪು ಹಚ್ಚಿಸಿ ಉಂಗುರ ತೆಗೆಸಿದ್ದೆ. ಮೂಗಿನ ತುದಿಯಲ್ಲೇ ಕೋಪ ಇರುವ ಹೆಂಗಸು ಎಂದು ಹೆಸರಾಗಿದ್ದೇನೆ. ಆಗಲಿ, ಯಾರಿಗೇನು ನಷ್ಟ?

ಕೋಲು ಬಂದಾಗ ಅದರುದ್ದಕ್ಕೂ ಗೆರೆ ಎಳೆಯುವುದು ನನ್ನ ಕೆಲಸ. ಆ ಗೆರೆಯ ಮೇಲೆ ಗರಗಸ ಅದನ್ನು ಎರಡು ಸೀಳು ಮಾಡುತ್ತದೆ. ಒಂದು ಸೀಳು ಲ್ಯಾಬಿಗೆ ಹೋಗಿ ಹಿಟ್ಟಾಗುತ್ತದೆ, ಇನ್ನೊಂದು ನಮ್ಮ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ನನ್ನ ಅಣ್ಣ ಕಳೆದುಹೋದದ್ದು ಇದೇ ಬೆಟ್ಟದಲ್ಲಿ. ಯಂತ್ರಗಳು ಬರುವ ಮೊದಲು, ಆಚೆ ಮಗ್ಗುಲಿನ ಹಳೆಯ ಸುರಂಗವನ್ನು ಅಳೆಯಲು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಮಣ್ಣು ಕುಸಿದಿರಲಿಲ್ಲ, ನೀರು ನಿಂತಿರಲಿಲ್ಲ. ಸುರಂಗದ ಕೊನೆಯಲ್ಲಿ ಅವನ ಟೋಪಿ ಬಿದ್ದಿತ್ತು, ಅದರ ದೀಪ ಇನ್ನೂ ಉರಿಯುತ್ತಿತ್ತು. ಎದುರಿಗೆ ಬರೀ ಗಟ್ಟಿ ಕಲ್ಲು. ಎಲ್ಲೋ ಓಡಿಹೋಗಿದ್ದಾನೆ ಎಂದರು ಜನ. ಅತ್ತಿಗೆ ಮಾತ್ರ "ಅವರು ಅಲ್ಲೇ ಇದಾರೆ" ಎನ್ನುತ್ತಾರೆ, ಪಕ್ಕದ ಕೋಣೆಯಲ್ಲಿದ್ದಾನೆ ಎನ್ನುವ ಹಾಗೆ. ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದೂ ಅದಕ್ಕೇ. ನನಗೆ ಚಿನ್ನ ಬೇಕಿರಲಿಲ್ಲ, ಅಣ್ಣ ಬೇಕಿತ್ತು.

ಅವತ್ತು ಬೆಳಿಗ್ಗೆ ಲ್ಯಾಬಿನವಳು ಫೋನ್ ಮಾಡಿದಳು.

"ನಿಮ್ಮ ಒಂದು ಸ್ಯಾಂಪಲ್ಲಲ್ಲಿ ಚಿನ್ನ ಕಂಡಾಪಟ್ಟೆ ಬಂದಿದೆ ಕಣ್ರೀ. ಸ್ವಲ್ಪ ತಾಮ್ರಾನೂ ಇದೆ. ಬೆಳ್ಳಿ ಮಾತ್ರ ಒಂಚೂರೂ ಇಲ್ಲ."

ನಮ್ಮ ಬೆಟ್ಟದ ಚಿನ್ನ ಬೆಳ್ಳಿಯನ್ನು ಬಿಟ್ಟು ಬಂದದ್ದೇ ಇಲ್ಲ. ಒಡವೆಯ ಚಿನ್ನಕ್ಕೆ ಬರೀ ತಾಮ್ರ ಬೆರೆಸುವವನು ನಮ್ಮ ಅಕ್ಕಸಾಲಿಗ.

ಪೆಟ್ಟಿಗೆ ಎಳೆದು ಉಳಿದ ಸೀಳನ್ನು ತೊಳೆದೆ. ಬಿಳಿ ಕಲ್ಲು, ಬಿರುಕಿಲ್ಲ, ಪೊಳ್ಳಿಲ್ಲ. ಗರಗಸ ಹಾದ ಮುಖದಲ್ಲಿ ಅಕ್ಕಪಕ್ಕ ಎರಡು ಚಿನ್ನದ ಚುಕ್ಕಿಗಳು. ಸರಿಯಾಗಿ ಅಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕಲ್ಲು ಬಿಟ್ಟುಕೊಂಡಿತು. ಚುಕ್ಕಿಗಳೆರಡನ್ನೂ ಸೇರಿಸುವ ಕಮಾನು ಕಾಣಿಸಿತು, ಹುರಿ ಹೊಸೆದ ಹಾಗೆ ಕೆತ್ತನೆ. ಕಮಾನಿನೊಳಗಿನ ಕಲ್ಲು ಮಾತ್ರ ತುಸು ಕೆಂಪಗಿತ್ತು. ಅದನ್ನು ಮುಟ್ಟಲು ನನಗೆ ಧೈರ್ಯ ಸಾಲಲಿಲ್ಲ.

ನಮ್ಮ ಮನೆ ಶೆಡ್ಡಿನಿಂದ ಸ್ವಲ್ಪ ಕೆಳಗಡೆಯೇ. ಓಡಿದೆ.

"ಅತ್ತಿಗೆ, ನಿಮ್ಮ ಉಂಗುರ ಒಂದ್ಗಳಿಗೆ ಕೊಡಿ."

ಅವರು ಏನು ಎತ್ತ ಎಂದು ಕೇಳದೆ ಬಿಚ್ಚಿಕೊಟ್ಟರು. ಅಣ್ಣನದೂ ಅವರದೂ ಜೋಡಿ ಉಂಗುರಗಳು. ಕಾಯುತ್ತಾ ಕೂತು ಹೆಬ್ಬೆರಳಿನಿಂದ ತಿರುವಿ ತಿರುವಿ ಅವರದು ಒಂದು ಕಡೆ ಸವೆದುಹೋಗಿದೆ. ಶೆಡ್ಡಿಗೆ ತಂದು ಕಲ್ಲಿನ ಪಕ್ಕ ಹಿಡಿದೆ. ಅದೇ ಹುರಿ, ಅದೇ ಕೆತ್ತನೆ.

ಅಷ್ಟರಲ್ಲಿ ಹೊರಗೆ ಮ್ಯಾನೇಜರ್ ದನಿ. ಕಲ್ಲನ್ನು ಏಪ್ರನ್ ಜೇಬಿಗೆ ಸೇರಿಸಿದೆ. ರಿಪೋರ್ಟ್ ನೋಡಿದ್ದ ಅವರ ಕಾಲು ನೆಲದ ಮೇಲಿರಲಿಲ್ಲ.

"ಹೊಡೀತಲ್ರೀ ಅದೃಷ್ಟ! ಎರಡೂ ಯಂತ್ರ ಅಲ್ಲಿಗೇ ಸಾಗಿಸ್ತೀನಿ. ಸುತ್ತಲೂ ಕೊರೆದು ಜರಡಿ ಮಾಡಿಬಿಡೋಣ."

ಜರಡಿ. ಅಣ್ಣನ ಕೈಯೋ, ಭುಜವೋ, ತಲೆಯೋ ಇರುವ ಕಲ್ಲನ್ನು! ಅತ್ತಿಗೆಯ ಉಂಗುರವನ್ನು ಬೆರಳಿಗೆ ಹಾಕಿಕೊಂಡು ಕೈ ಮುಂದೆ ಚಾಚಿದೆ.

"ಸಾರ್, ತಪ್ಪಾಯ್ತು. ಇದನ್ನ ತೆಗೆಯೋದು ಮರ್ತು ಗರಗಸಕ್ಕೆ ಕಲ್ಲು ಹಿಡಿದಿದ್ದೆ. ನೋಡಿ, ಸವೆದಿದೆ. ರಿಪೋರ್ಟಲ್ಲಿ ಬೆಳ್ಳಿ ಯಾಕಿಲ್ಲ ಹೇಳಿ? ಅದು ಬೆಟ್ಟದ ಚಿನ್ನ ಅಲ್ಲ, ನಂದು."

ಅವರು ಉಂಗುರ ನೋಡಿದರು, ನನ್ನ ಮುಖ ನೋಡಿದರು.

"ನನ್ನ ಬೆರಳಿಗೆ ಸೋಪು ಹಚ್ಚಿಸಿದೋರು ನೀವು!"

"ಹೌದು ಸಾರ್."

ಆಮೇಲೆ ಅವರು ಬೈದದ್ದನ್ನು ಹೇಳಿ ಫಲವಿಲ್ಲ. ಆ ತೂತಿನ ಮಿಕ್ಕ ಕಲ್ಲೆಲ್ಲ ಬರಡೇ ಆಗಿತ್ತು, ಜಾಗವನ್ನೇ ಕೈಬಿಟ್ಟರು. ನನ್ನನ್ನೂ ಕೆಲಸದಿಂದ ತೆಗೆದರು. ಜೀವಮಾನದಲ್ಲಿ ಮೊದಲ ಸಲ ಎದುರುತ್ತರ ಕೊಡದೆ ಹೊರಗೆ ಬಂದೆ.

ಅತ್ತಿಗೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಉಂಗುರ ಹಿಂದಕ್ಕೆ ಕೊಟ್ಟು, ಕಲ್ಲನ್ನು ಅವರ ಮಡಿಲಲ್ಲಿಟ್ಟು, ಸಿಕ್ಕಿದ್ದು ಎಲ್ಲಿ, ಹೇಗೆ ಎಂದು ಹೇಳಿದೆ. ಅವರು ಅಳಲಿಲ್ಲ. ಕಮಾನಿನೊಳಗೆ ಹೆಬ್ಬೆರಳಿಟ್ಟರು.

"ಬೆಚ್ಚಗಿದಾರೆ ಕಣೇ."

ಹೆದರುತ್ತಲೇ ಮುಟ್ಟಿದೆ. ಸುತ್ತಲಿನ ಬಿಳಿ ಕಲ್ಲು ತಣ್ಣಗಿತ್ತು. ಆ ಕೆಂಪು ಭಾಗ ಮಾತ್ರ ಮಲಗಿದ್ದವರ ಕೈಯ ಹಾಗೆ ಬೆಚ್ಚಗಿತ್ತು.

"ಅಲ್ಲಿ ಇನ್ನು ಕೊರೆಯಲ್ಲ ತಾನೇ?"

"ಇಲ್ಲ ಅತ್ತಿಗೆ."

ಅವರ ಮುಖ ಅರಳಿತು. ಇಷ್ಟು ಕಾಲದ ಮೇಲೆ ಅವರು ನಕ್ಕರು. ತಮ್ಮ ಉಂಗುರವನ್ನು ಆ ಕಮಾನಿಗೆ ಹೊಂದಿಸಿ ನೋಡಿದರು.

"ಇದು ಅರ್ಧ ಅಲ್ವೇನೇ? ಇನ್ನರ್ಧ ಎಲ್ಲಿ?"

ಕಲ್ಲಿನ ಮೇಲೆ ಗೆರೆ ಎಳೆದವಳು ನಾನು. ಸೀಳನ್ನು ಚೀಲಕ್ಕೆ ತುಂಬಿ ಕಳಿಸಿದವಳೂ ನಾನೇ.

"ಲ್ಯಾಬಿಗೆ ಹೋಯ್ತು," ಎಂದೆ.

"ಅಲ್ಲಿ ಅವರನ್ನ ಏನು ಮಾಡ್ತಾರೆ?"

ಹಿಟ್ಟು ಮಾಡಿ ಆಗಿತ್ತು, ಬೆಳಿಗ್ಗೆ ಬಂದ ಫೋನು ಆ ಹಿಟ್ಟಿನದೇ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬೆರಳಿನಡಿ ಕಲ್ಲು ತಣ್ಣಗಾಗತೊಡಗಿತು.