ಬಾಣಂತಿಯ ಅಡಕೊತ್ತು

ನಳಕ್ಕೆ ನೀರು ಬಂದಿತ್ತು. ದೇವಾಪುರದ ಆ ಓಣಿಗೆ ನೀರು ಬರುವುದೇ ದಿನ ಬಿಟ್ಟು ದಿನ, ಅದೂ ಮೇಲಿನ ಓಣಿಯವರು ಮೋಟಾರು ಹಚ್ಚುವತನಕ. ಕಸ್ತೂರಿ ಒಂದು ಕೊಡವನ್ನು ನಳದ ಕೆಳಗಿಟ್ಟು ಇನ್ನೊಂದನ್ನು ತಿಕ್ಕುತ್ತಿದ್ದಳು. ಕಟ್ಟೆಯ ಮೇಲೆ ಒಂಬತ್ತು ವರ್ಷದ ಮಗಳು ಶಿವರಂಜನಿ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅವನ ಬಾಯಲ್ಲಿ ಬೆರಳಿಟ್ಟು ಆಡಿಸುತ್ತಿದ್ದಳು. ಕೂಸು ಕಚ್ಚಿತು. ಹುಡುಗಿ ಬೆರಳನ್ನು ನೋಡಿಕೊಂಡಳು. ಆಮೇಲೆ ಅವ್ವನ ಸೊಂಟವನ್ನು ನೋಡಿದಳು.

"ಅವ್ವಾ, ಒಂದ ಮಾತ ಕೇಳಲಾ?"

"ಕೊಡ ತುಂಬಲಿ ನನ್ನವ್ವ, ಆಮ್ಯಾಲ ಕೇಳು."

ಸೊಂಟದಲ್ಲಿ ಸೀರೆಯ ನೆರಿಗೆಯೊಳಗೆ ಅಡಿಕೆ ಕತ್ತರಿಸುವ ಅಡಕೊತ್ತು ಇತ್ತು. ಹೆರಿಗೆಗೆಂದು ತವರಿಗೆ ಬಂದಾಗ ತಾಯಿ ಭೀಮಾಬಾಯಿಯೇ ಅದನ್ನು ಅಲ್ಲಿ ಸಿಗಿಸಿದ್ದಳು. ಬಾಣಂತಿ ಹೊಸ್ತಿಲು ದಾಟಿದರೆ ಮೈಮೇಲೆ ಕಬ್ಬಿಣವಿರಬೇಕು, ಇಲ್ಲದಿದ್ದರೆ ಗಾಳಿ ಸೋಕುತ್ತದೆ. ದೆವ್ವಕ್ಕೆ ಕಬ್ಬಿಣ ಕಂಡರೆ ಹೆದರಿಕೆ ಎಂದು ಕಸ್ತೂರಿ ಮಗಳಿಗೂ ಹೇಳಿದ್ದಳು. ಮೂರು ತಿಂಗಳಿಗೆ ಬಾಣಂತನ ಮುಗಿಯಿತು. ಭೀಮಾಬಾಯಿ ತನ್ನ ಅಡಕೊತ್ತು ವಾಪಸು ಕೇಳಿದಳು, ಹಲ್ಲಿಲ್ಲದ ಬಾಯಿಗೆ ಇಡೀ ಅಡಿಕೆ ಹಾಕಿಕೊಂಡು ಏನು ಮಾಡಲಿ ಎಂದು ಬೈದಳು. ಇನ್ನೊಂದು ವಾರ ಇರಲಿ ಎಂದಳು ಕಸ್ತೂರಿ. ಆ ವಾರ ಮುಗಿಯಲೇ ಇಲ್ಲ.

ಗಂಡ ಭೀಮಾಶಂಕರ ಗಂಡು ಹುಟ್ಟಿದ ದಿನದಿಂದ ಹೇಳಿಕಳಿಸುತ್ತಲೇ ಇದ್ದ. ಮಗನನ್ನು ಕಳಿಸು, ನೀನು ಬಂದರೆ ಬಾ, ಇಲ್ಲದಿದ್ದರೆ ಅಲ್ಲೇ ಸಾಯಿ. ಅವನ ಮನೆಯಲ್ಲಿ ಕಸ್ತೂರಿಯ ಎಡಗೈ ಎರಡು ಸಲ ಮುರಿದು ಕೂಡಿತ್ತು. ಅವಳು ಹೋಗಲಿಲ್ಲ.

ಕೊಡ ಇನ್ನೂ ಅರ್ಧವೇ ತುಂಬಿತ್ತು. ಮೋಟಾರ್‌ಸೈಕಲ್ ನಿಂತ ಸಪ್ಪಳಕ್ಕೆ ಅವಳು ತಲೆ ಎತ್ತುವುದರೊಳಗೆ ತುರುಬು ಭೀಮಾಶಂಕರನ ಕೈಯಲ್ಲಿತ್ತು.

"ಮಗ ನನ್ನಂವ. ಕೊಡತೀಯೊ, ಕಸಗೊಳ್ಳಲೊ?"

ಉತ್ತರಕ್ಕೆ ಅವನು ಕಾಯಲಿಲ್ಲ. ಅವಳ ಹಣೆಯನ್ನು ಕಟ್ಟೆಯ ಅಂಚಿಗೆ ಚಚ್ಚಿದ. ಒಮ್ಮೆ ಚಚ್ಚಿ, ಕೂದಲು ಹಿಡಿದು ಎತ್ತಿ, ಮತ್ತೆ ಚಚ್ಚಿದ. ರಕ್ತ ಕಣ್ಣಿಗಿಳಿಯಿತು. ಓಡಿಬಂದ ಭೀಮಾಬಾಯಿಯ ಹೊಟ್ಟೆಗೆ ಒದ್ದ ಏಟಿಗೆ ಮುದುಕಿ ಗಟಾರದಲ್ಲಿ ಬಿದ್ದಳು. ಕೊಡ ಹಿಡಿದ ಹೆಂಗಸರು ನಿಂತಲ್ಲೇ ನಿಂತರು. ಶಿವರಂಜನಿ ತಮ್ಮನನ್ನು ಅವುಚಿಕೊಂಡು ನೆಲಕ್ಕೆ ಬೋರಲಾದಳು. ಅವನು ಮಗಳ ಬೆನ್ನ ಮೇಲೆ ಬೂಟುಗಾಲಿಟ್ಟು ತುಳಿದು, ಕೂಸಿನ ಕಾಲು ಹಿಡಿದು ಜಗ್ಗಿದ. ಕೂಸು ಉಸಿರು ಕಟ್ಟಿಕೊಂಡು ಅಳುವುದನ್ನೇ ಮರೆಯಿತು.

ಕಸ್ತೂರಿಗೆ ಸರಿಯಾಗಿ ಏನೂ ಕಾಣುತ್ತಿರಲಿಲ್ಲ. ಕೂಸಿನ ಕಾಲನ್ನು ಹಿಡಿದ ಮುಷ್ಟಿ ಕಂಡಿತು, ಮುಷ್ಟಿಯಿಂದ ಹೊರಗುಳಿದ ಹೆಬ್ಬೆರಳು ಕಂಡಿತು. ಸೊಂಟದ ಅಡಕೊತ್ತು ಕಿತ್ತು, ಅದರ ಬಾಯಿ ತೆರೆದು ಆ ಬೆರಳನ್ನು ಒಳಗಿಟ್ಟು, ಗಟ್ಟಿ ಅಡಿಕೆಗೆ ಅವ್ವ ಹಾಕುವಂತೆ ಎರಡೂ ಕೈಯ ಬಲ ಹಾಕಿ ಅದುಮಿದಳು. ಕಟಕ್ಕನೆ ಸಪ್ಪಳವಾಯಿತು. ಅವನು ಕೂಸಿನ ಕಾಲು ಬಿಟ್ಟು, ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಗುದ್ದಿದ. ಮೂಗು ಒಡೆಯಿತು. ಅವಳು ಅಡಕೊತ್ತು ಬಿಡಲಿಲ್ಲ. ಅವನೇ ಕೈ ಕಿತ್ತುಕೊಂಡಾಗ ಬೆರಳು ಅಲ್ಲೇ ಉಳಿಯಿತು. ನಳದ ನೀರು ಅದನ್ನು ಗಟಾರದತನಕ ತಳ್ಳಿಕೊಂಡು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಸುರಪುರದ ಠಾಣೆಯಲ್ಲಿ ಕಸ್ತೂರಿ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಕೂಸು ಶಾಲಿನೊಳಗೆ ನಿದ್ದೆ ಹೋಗಿತ್ತು, ಎರಡು ಪಾದ ಮಾತ್ರ ಹೊರಗಿದ್ದವು. ಅಣ್ಣನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ ಮೈದುನ ವಿಶ್ವರಾಧ್ಯ ಮೇಜಿನ ಮುಂದೆ ನಿಂತಿದ್ದ.

"ವೈನಿ ಕೊಡ ತಂದಾಳ, ಕೂಸಿನ್ನ ತಂದಾಳ, ಹೌದನ್ನೋಣ. ನಳದ ನೀರಾಗ ಅಡಕಿ ಹಾಕ್ಕೊಂಡ ಕುಡಿತಾಳೇನ್ರಿ, ಮೇಡಂ? ಕಡೀಬೇಕಂತನ ತಂದಾಳ."

ಹೆಡ್ ಕಾನ್‌ಸ್ಟೇಬಲ್ ಮಮ್ತಾಜ ಅವನನ್ನು ಹೊರಗೆ ನಿಲ್ಲಿಸಿದಳು. ಆಮೇಲೆ ಕಸ್ತೂರಿಗೆ ಸಮಾಧಾನದಿಂದ ಬಿಡಿಸಿ ಹೇಳಿದಳು. ಮನೆಯ ಸಾಮಾನನ್ನು ಅದರ ಕೆಲಸಕ್ಕೆ ಒಯ್ದರೆ ಯಾರೂ ಕೇಳುವುದಿಲ್ಲ. ಖಾರದ ಸ್ಪ್ರೇ ಚೀಲದಲ್ಲಿಟ್ಟುಕೊಂಡರೂ ತಪ್ಪಿಲ್ಲ. ಜೀವ ಉಳಿಸಿಕೊಳ್ಳಲು ಕೈ ಎತ್ತುವುದಕ್ಕೂ ಕಾನೂನಿನಲ್ಲಿ ಜಾಗ ಇದೆ. ಆದರೆ ಗಂಡ ಬಂದರೆ ಕಡಿಯಬೇಕೆಂದೇ ಕಬ್ಬಿಣ ಕಟ್ಟಿಕೊಂಡು ತಿರುಗಿದ್ದರೆ ಮಾತೇ ಬೇರೆ. ಆಗ ನಿನ್ನನ್ನು ಬಿಡುವುದು ನನ್ನ ಕೈಯಲ್ಲಿ ಉಳಿಯುವುದಿಲ್ಲ, ಕೂಸನ್ನು ಗಂಡನ ಮನೆಯವರು ಕೇಳುತ್ತಾರೆ.

"ಯಾಕ ಇಟಗೊಂಡಿದ್ದಿ? ಅಷ್ಟಽ ಹೇಳು."

ಕಸ್ತೂರಿ ಬಾಯಿ ತೆರೆಯುವ ಮೊದಲೇ ಭೀಮಾಬಾಯಿ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. "ಬಾಣಂತಿ ಅದಾಳ್ರಿ ಬಾಯಾರ. ಗಾಳಿಗಂತ ನಾನಽ ಕೊಟ್ಟೀನಿ."

ಮಮ್ತಾಜಳ ಮುಖ ಸಡಿಲಾಯಿತು. ಶಹಾಪುರದ ತವರಿನಲ್ಲಿ ತನ್ನ ತಲೆದಿಂಬಿನ ಕೆಳಗೂ ಚಾಕು ಇಟ್ಟಿದ್ದರು ಎಂದಳು. ಶಾಲಿನಿಂದ ಹೊರಗೆ ಬಂದ ಪಾದಗಳನ್ನು ನೋಡಿ ಪೆನ್ನು ಕೈಗೆತ್ತಿಕೊಂಡಳು.

ಶಿವರಂಜನಿ, ಬಾತ ಬೆನ್ನನ್ನು ಬಗ್ಗಿಸಲಾರದೆ ನೆಟ್ಟಗೆ ನಿಂತವಳು, ಅವ್ವನ ಸೆರಗು ಜಗ್ಗಿದಳು.

"ಅವ್ವಾ, ಕೊಡ ತುಂಬಲೇ ಇಲ್ಲ. ಈಗರ ಕೇಳಲಾ?"

ಹುಡುಗಿ ಕಚ್ಚಿಸಿಕೊಂಡ ಬೆರಳನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳು ಏನು ಕೇಳುತ್ತಾಳೆಂದು ಕಸ್ತೂರಿಗೆ ತಿಳಿಯಿತು. ಆಮ್ಯಾಲ ಎನ್ನಬಹುದಿತ್ತು. ಕೈ ಮುರಿದಾಗಲೂ ಹಾಗೆಯೇ ಅಂದಿದ್ದಳು, ಅಪ್ಪನ ಮನೆಗೆ ಯಾಕೆ ಹೋಗುವುದಿಲ್ಲ ಎಂದು ಮಗಳು ಕೇಳಿದಾಗಲೂ ಹಾಗೆಯೇ ಅಂದಿದ್ದಳು. ಮಗಳ ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಕೇಳವ್ವ."

"ತಮ್ಮಗ ಹಲ್ಲ ಬಂದಾವ. ನೀ ಇನ್ನಾ ಬಾಣಂತಿ ಹೆಂಗ, ಅವ್ವಾ?"